ಸ್ಕ್ವಾಷ್ ಕೋರ್ಟಿನಲ್ಲಿ ರಾಕೆಟ್‌ಬಾಲ್: ಬೆಳಗಾವಿಯಲ್ಲಿ ನಾವು ಆಡುವ ಬಗೆ

ರಾಕೆಟ್‌ಬಾಲ್ ಎಂದರೆ ನಾಲ್ಕು ಗೋಡೆಗಳ ಕೋರ್ಟಿನೊಳಗೆ ರಬ್ಬರ್ ಚೆಂಡನ್ನು ಸರದಿಯಂತೆ ಮುಂದಿನ ಗೋಡೆಗೆ ಹೊಡೆಯುವ ಆಟ. ನಮ್ಮಲ್ಲಿ ಇದನ್ನು ಕಲಿಯಲು ಬರುವವರು ಬಹುತೇಕ ಬ್ಯಾಡ್ಮಿಂಟನ್ ಆಡಿ ಬಂದವರು. ಚೆಂಡು ಎತ್ತರದಲ್ಲಿದ್ದಾಗಲೇ, ಅದೂ ಅವಸರದಲ್ಲಿ ಹೊಡೆಯುವ ರೂಢಿ ಅವರ ಕೈಗೆ ಕೂತಿರುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ಚೆಂಡು ನೆಲಕ್ಕೆ ಬಿದ್ದು, ಪುಟಿದು, ಮತ್ತೆ ಮೊಣಕಾಲಿನ ಮಟ್ಟಕ್ಕೆ ಇಳಿಯುವ ತನಕ ಕಾಯಬೇಕು. ಕಲಿಸುವಾಗ ನಾನು ಮೊದಲಿಗೆ ಹಟ ಹಿಡಿಯುವುದು ಇದಕ್ಕೇ.

ರಾಕೆಟ್ಟಿನ ಉದ್ದ 22 ಇಂಚು ಮೀರುವಂತಿಲ್ಲ. ಬ್ಯಾಡ್ಮಿಂಟನ್ ರಾಕೆಟ್ಟಿಗಿಂತ ನಾಲ್ಕೈದು ಇಂಚು ಗಿಡ್ಡ, ತೂಕ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಹಳೆಯ ಅಂದಾಜಿನಲ್ಲಿ ಕೈ ಚಾಚಿದರೆ ಚೆಂಡು ರಾಕೆಟ್ಟಿನ ತುದಿಗೆ ತಾಗಿ ಎತ್ತಲೋ ಹೋಗುತ್ತದೆ. ಅರ್ಧ ಹೆಜ್ಜೆ ಹತ್ತಿರ ಹೋಗಿ ನಿಲ್ಲಬೇಕು. ಹಿಡಿಕೆಯ ದಾರ ಮಣಿಕಟ್ಟಿಗೆ ಕಡ್ಡಾಯ. ಪಾಲಿಕಾರ್ಬೊನೇಟ್ ಕನ್ನಡಕವೂ ಅಷ್ಟೇ ಕಡ್ಡಾಯ, ನಂಬರಿನ ಸಾದಾ ಕನ್ನಡಕ ಸಾಲದು.

ಅಮೆರಿಕದ ಕನೆಕ್ಟಿಕಟ್‌ನಲ್ಲಿ 1950ರಲ್ಲಿ ಜೋ ಸೊಬೆಕ್ ಈ ಆಟ ಕಟ್ಟಿದ್ದು ಬರಿಗೈಯಿಂದ ಗೋಡೆಗೆ ಚೆಂಡು ಹೊಡೆಯುವ ಹ್ಯಾಂಡ್‌ಬಾಲ್ ಕೋರ್ಟಿಗಾಗಿ: 40 ಅಡಿ ಉದ್ದ, 20 ಅಡಿ ಅಗಲ, 20 ಅಡಿ ಎತ್ತರ. ನಮಗಿರುವುದು ಸ್ಕ್ವಾಷ್ ಕೋರ್ಟು, 32 ಅಡಿ ಉದ್ದ, 21 ಅಡಿ ಅಗಲ. ಇದರಲ್ಲಿ ಆಡಲು ಕೆಲವು ಹೊಂದಾಣಿಕೆ ಬೇಕು. ಹಿಂದಿನ ಗೋಡೆಯಿಂದ 14 ಅಡಿಗೆ ಇರುವ ಸ್ಕ್ವಾಷ್ ಗೆರೆಯನ್ನೇ ಶಾರ್ಟ್ ಲೈನ್, ಅಂದರೆ ಸರ್ವ್ ಆದ ಚೆಂಡು ದಾಟಲೇಬೇಕಾದ ಗೆರೆ, ಮಾಡಿಕೊಂಡಿದ್ದೇವೆ. ಅದರ ಮುಂದೆ 5 ಅಡಿಗೆ ಬಣ್ಣದ ಟೇಪಿನಿಂದ ಸರ್ವಿಸ್ ಲೈನ್ (ಸರ್ವ್ ಮಾಡುವವರು ನಿಲ್ಲುವುದು ಇವೆರಡರ ನಡುವೆ), ಶಾರ್ಟ್ ಲೈನಿನ ಹಿಂದೆ 5 ಅಡಿಗೆ ತುಂಡುಗೆರೆ. ಸರ್ವ್ ಆದ ಚೆಂಡು ಪುಟಿಯುವ ತನಕ ಅಥವಾ ತುಂಡುಗೆರೆ ದಾಟುವ ತನಕ ಎದುರಾಳಿ ಆ ಗೆರೆಯ ಹಿಂದೆಯೇ ಇರಬೇಕು. ಛತ್ತಿನಲ್ಲಿ ದೀಪಗಳಿರುವುದರಿಂದ ಛತ್ತಿಗೆ ತಾಗಿದ ಚೆಂಡು ನಮ್ಮಲ್ಲಿ ಔಟ್. ಮೂಲ ಆಟದಲ್ಲಿ ಸರ್ವ್ ಬಿಟ್ಟರೆ ಉಳಿದ ಹೊಡೆತಗಳಿಗೆ ಛತ್ತೂ ಆಟದೊಳಗೇ.

ದೊಡ್ಡ ವ್ಯತ್ಯಾಸ ಟಿನ್‌ನದು. ಮುಂದಿನ ಗೋಡೆಯ ಬುಡದಲ್ಲಿ 19 ಇಂಚು ಎತ್ತರದ, ಚೆಂಡು ತಾಗಿದರೆ ಔಟ್ ಎನಿಸುವ ತಗಡು ಇರುವುದರಿಂದ, ನೆಲಕ್ಕೆ ಅಂಟಿದಂತೆ ಹೊಡೆದು ಅಂಕ ಗಿಟ್ಟಿಸುವ ಕಿಲ್ ಶಾಟ್ ಇಲ್ಲಿ ಸಿಗುವುದಿಲ್ಲ. ಜೋರಾದ ಡ್ರೈವ್ ಸರ್ವ್ ಕೂಡ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದು ಎದುರಾಳಿಗೆ ಸುಲಭದ ತುತ್ತಾಗುತ್ತದೆ. ಹಾಗಾಗಿ ನಾನು ಹೇಳಿಕೊಡುವುದು ಲಾಬ್ ಸರ್ವ್. ಚೆಂಡನ್ನು ಒಮ್ಮೆ ಪುಟಿಸಿ, ಮುಂದಿನ ಗೋಡೆಯ ಮೇಲೆ 12 ಅಡಿ ಸುಮಾರಿಗೆ ಮೆಲ್ಲಗೆ ಎತ್ತಿ ಹೊಡೆಯಿರಿ. ಅದು ಪಕ್ಕದ ಗೋಡೆಯ ಗುಂಟ ಹೋಗಿ ಹಿಂದಿನ ಮೂಲೆಯಲ್ಲಿ ಬೀಳಬೇಕು. ಶಾರ್ಟ್ ಲೈನ್ ದಾಟದಿದ್ದರೆ ಫಾಲ್ಟ್, ಇನ್ನೊಂದು ಅವಕಾಶ ಉಂಟು. ಮುಂದಿನ ಗೋಡೆಗಿಂತ ಮೊದಲು ಪಕ್ಕದ ಗೋಡೆಗೆ ತಾಗಿದರೆ ಸರ್ವೇ ಹೋಯಿತು. ಸರ್ವ್ ಮಾಡಿದವನಿಗೆ ಮಾತ್ರ ಅಂಕ; 15ರ ಎರಡು ಗೇಮ್, ಸಮವಾದರೆ 11ರ ಮೂರನೆಯದು.

ಹಿಂದಿನ ಗೋಡೆಯಿಂದ ಬರುವ ಚೆಂಡನ್ನು ನಿಂತಲ್ಲೇ ಕಾದರೆ ಅದು ಮುಂದೆ ಸಾಗಿಬಿಡುತ್ತದೆ. ರಾಕೆಟ್ಟನ್ನು ಕಿವಿಯ ಹತ್ತಿರ ಎತ್ತಿ ಹಿಡಿದು, ಚೆಂಡಿನ ಜೊತೆಗೇ ಅಡ್ಡಹೆಜ್ಜೆಯಲ್ಲಿ ಮುಂದೆ ಸರಿಯಬೇಕು. ಅದು ಮುಂಗಾಲಿನ ನೇರಕ್ಕೆ ಇಳಿದಾಗ ಹೊಡೆತ. ಕೈಯಿಂದಲೇ ಚೆಂಡನ್ನು ಹಿಂದಿನ ಗೋಡೆಗೆ ಎಸೆದು ಇದನ್ನು ಒಬ್ಬರೇ ಅಭ್ಯಾಸ ಮಾಡಬಹುದು.

ಚೆಂಡಿನ ಪರೀಕ್ಷೆಗೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. 100 ಇಂಚಿನಿಂದ ಬಿಟ್ಟರೆ 68ರಿಂದ 72 ಇಂಚು ಪುಟಿಯಬೇಕು. ಈ ಲೆಕ್ಕ 21–23 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದೇ ಚೆಂಡು ಇನ್ನೂ ಮೇಲೆ ಹಾರುತ್ತದೆ, ಬೆಳಗಾವಿಯ ಮಳೆಗಾಲದ ಮುಂಜಾನೆ ಮಂಕಾಗುತ್ತದೆ. ಹತ್ತು ನಿಮಿಷ ಹೊಡೆದು ಬಿಸಿ ಮಾಡಿಕೊಂಡೇ ಆಟ ಶುರು ಮಾಡಿ. ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ, ಒದ್ದೆ ಗೋಡೆಗೆ ತಾಗಿದ ಚೆಂಡು ಪುಟಿಯದೆ ಜಾರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೂ ನಿಲ್ಲದಿದ್ದರೆ ಅಂದು ಆಟ ಬೇಡ. ನೆಲ ಶಹಾಬಾದ್ ಫರ್ಸಿಯದಾದರಂತೂ ತೇವದಲ್ಲಿ ಕಾಲು ನಿಲ್ಲುವುದೇ ಇಲ್ಲ. ಒಣಗಿದ ದಿನವೂ ಒಂದೇ ಜಾಗದಲ್ಲಿ ಚೆಂಡು ಸತ್ತುಬಿದ್ದರೆ ಅಲ್ಲಿ ಬೆರಳಗೆಣ್ಣಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಗಿಲಾವು ಗೋಡೆಯಿಂದ ಬಿಟ್ಟಿದೆ ಎಂದೇ ಅರ್ಥ. ಗವಂಡಿಯನ್ನು ಕರೆಸಿ ಅಷ್ಟನ್ನು ಕೆತ್ತಿಸಿ ಹೊಸದಾಗಿ ಹಾಕಿಸಬೇಕು. ಮೇಲೆ ಬಣ್ಣ ಬಳಿದರೆ ಪ್ರಯೋಜನವಿಲ್ಲ.

ಎದುರಾಳಿ ರಾಕೆಟ್ ಬೀಸುವ ದಾರಿಯಲ್ಲಿದ್ದರೆ ಹೊಡೆತ ತಡೆಯಿರಿ, ‘ಹಿಂಡರ್’ ಎಂದು ಕೂಗಿ. ಹೊಡೆತ ತಡೆದವರಿಗೆ ನಷ್ಟವಿಲ್ಲ, ಆ ರ‍್ಯಾಲಿ ಮತ್ತೆ ನಡೆಯುತ್ತದೆ. ಸರಿಯಲು ಜಾಗವಿದ್ದೂ ಸರಿಯದೆ ನಿಂತವರು ರ‍್ಯಾಲಿ ಕಳೆದುಕೊಳ್ಳುತ್ತಾರೆ.