ಡೀಫನ್‌ಬೇಕರ್ ಬಗ್ಗೆ ಬರೆಯುವುದಾದರೆ ಸೋಲಿನಿಂದ ಶುರು ಮಾಡಿ

ಕೆನಡಾದ 13ನೇ ಪ್ರಧಾನಿ ಜಾನ್ ಡೀಫನ್‌ಬೇಕರ್ ಕಸುಬಿನಲ್ಲಿ ವಕೀಲರು. ಇಂಥವರ ಪರಿಚಯ ಬರೆಯಲು ಕೂತರೆ ಕೈ ಮೊದಲು ಹುಟ್ಟಿದ ತಾರೀಖಿಗೇ ಹೋಗುತ್ತದೆ, ಅಲ್ವಾ? ಅದನ್ನು ಬೇಗ ಮುಗಿಸಿ. 1895ರಲ್ಲಿ ಒಂಟಾರಿಯೊದಲ್ಲಿ ಹುಟ್ಟು, ಹುಡುಗನಿದ್ದಾಗಲೇ ಸಸ್ಕಾಚೆವಾನ್ ಬಯಲಿಗೆ ವಲಸೆ, 1919ರಲ್ಲಿ ವಕಾವ್ ಎಂಬ ಪುಟ್ಟ ಊರಿನಲ್ಲಿ ವಕೀಲಿಕೆ. ಸಾಕು.

ಆಮೇಲೆ ಅವರು ಸೋತ ಚುನಾವಣೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. 1925ರಲ್ಲಿ, 1926ರಲ್ಲಿ ಸಂಸತ್ತಿಗೆ ನಿಂತು ಸೋತರು, ಎರಡನೇ ಸಲ ಎದುರಿಗಿದ್ದವರು ಲಿಬರಲ್ ನಾಯಕ ಮೆಕೆಂಜಿ ಕಿಂಗ್. 1929ರಲ್ಲಿ ಪ್ರಾಂತ್ಯದ ಶಾಸನಸಭೆಗೆ, 1933ರಲ್ಲಿ ಪ್ರಿನ್ಸ್ ಆಲ್ಬರ್ಟ್ ಊರಿನ ಮೇಯರ್ ಸ್ಥಾನಕ್ಕೆ, 1938ರಲ್ಲಿ ಮತ್ತೆ ಶಾಸನಸಭೆಗೆ. ಎಲ್ಲವೂ ಸೋಲೇ. ಸಂಸತ್ತಿಗೆ ಗೆದ್ದದ್ದು 1940ರಲ್ಲಿ. ಆ ಹದಿನೈದು ವರ್ಷ ಅವರ ಕೈ ಹಿಡಿದದ್ದು ಕೋರ್ಟು. ಹಾಗಾಗಿ ವಕೀಲಿಕೆಯನ್ನು ಎರಡು ಸಾಲಿನಲ್ಲಿ ದಾಟಿಸಿಬಿಡಬೇಡಿ.

ಹತ್ತು ಕೇಸುಗಳ ಹೆಸರು ಸುಮ್ನೆ ಪೋಣಿಸುವುದಕ್ಕಿಂತ ಒಂದನ್ನೇ ಪೂರ್ತಿ ಹೇಳಿ. ನಾನಾದರೆ ಕನೂ ರಿವರ್ ಕೇಸನ್ನೇ ಆರಿಸುತ್ತೇನೆ. 1950ರ ನವೆಂಬರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಎರಡು ರೈಲು ಮುಖಾಮುಖಿ ಡಿಕ್ಕಿಯಾಗಿ 21 ಜನ ಸತ್ತರು, ಅವರಲ್ಲಿ 17 ಜನ ಕೊರಿಯಾ ಯುದ್ಧಕ್ಕೆ ಹೊರಟಿದ್ದ ಸೈನಿಕರು. ರೈಲಿಗೆ ಕೊಟ್ಟ ಆದೇಶದಲ್ಲಿ ಎರಡು ಪದ ಬಿಟ್ಟುಹೋಗಿತ್ತು. ತಪ್ಪೆಲ್ಲ ಬಂದು ಕೂತದ್ದು ಜಾಕ್ ಆಥರ್ಟನ್ ಎಂಬ ಎಳೆಯ ಟೆಲಿಗ್ರಾಫ್ ನೌಕರನ ತಲೆ ಮೇಲೆ. ಆಗ ಡೀಫನ್‌ಬೇಕರ್ ಅವರ ಹೆಂಡತಿ ಎಡ್ನಾ ರಕ್ತದ ಕ್ಯಾನ್ಸರ್‌ನಿಂದ ಸಾಯುವ ಸ್ಥಿತಿಯಲ್ಲಿದ್ದರು, ಈ ಕೇಸು ತಗೊಳ್ಳಿ ಎಂದು ಗಂಡನನ್ನು ಕೇಳಿಕೊಂಡದ್ದು ಅವರೇ. ಆ ಪ್ರಾಂತ್ಯದಲ್ಲಿ ವಾದಿಸುವ ಹಕ್ಕು ಇಲ್ಲದ್ದರಿಂದ ಶುಲ್ಕ ಕಟ್ಟಿ ಅಲ್ಲಿನ ವಕೀಲರ ಪಟ್ಟಿಗೂ ಸೇರಿದರು. 1951ರ ಮೇನಲ್ಲಿ ಹುಡುಗ ಬಿಡುಗಡೆಯಾದ. ಎಡ್ನಾ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

ಇದನ್ನು ಹೇಳಿದ ಮೇಲೆಯೇ ಅಧಿಕಾರದ ಕಥೆಗೆ ಬನ್ನಿ. 1957ರಲ್ಲಿ ಪ್ರಧಾನಿ, ಮರುವರ್ಷದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಸಂಸತ್ತಿನ 265ರಲ್ಲಿ 208 ಸ್ಥಾನ. 1960ರಲ್ಲಿ ಹಕ್ಕುಗಳ ಕಾಯ್ದೆ ತಂದರು. ಮೂಲನಿವಾಸಿಗಳಿಗೆ ಕಾನೂನಿನಲ್ಲಿದ್ದ ತಮ್ಮ ಸ್ಥಾನಮಾನ ಬಿಟ್ಟುಕೊಡದೆಯೇ ಮತ ಹಾಕುವ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಆಥರ್ಟನ್ ಪರ ನಿಂತ ವಕೀಲರೇ ಇಲ್ಲೂ ಕಾಣುತ್ತಾರೆ, ಓದುಗರಿಗೆ ನೀವು ಬಿಡಿಸಿ ಹೇಳಬೇಕಿಲ್ಲ.

ಕೊರತೆಗಳನ್ನೂ ಬರೆಯಿರಿ. ಆ ಕಾಯ್ದೆ ಕೇಂದ್ರ ಸರ್ಕಾರದ ಕಾನೂನುಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಹಕ್ಕುಗಳು ಸಂವಿಧಾನದೊಳಗೆ ಬಂದದ್ದು 1982ರಲ್ಲಿ. 1959ರಲ್ಲಿ ಆವ್ರೋ ಆ್ಯರೋ ಯುದ್ಧವಿಮಾನ ಯೋಜನೆ ನಿಲ್ಲಿಸಿದಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದನ್ನು ಬಿಟ್ಟರೆ ನಿಮ್ಮ ಬರಹ ಬರೀ ಹೊಗಳಿಕೆಯಾಗುತ್ತದೆ.

ಕೊನೆಯಲ್ಲಿ 1963ರ ಸೋಲಿಗೆ ನಿಲ್ಲಿಸಬೇಡಿ. 1979ರ ಆಗಸ್ಟ್‌ನಲ್ಲಿ ಸಾಯುವಾಗಲೂ ಅವರು ಸಂಸದರೇ. ಅವರ ದೇಹವನ್ನು ಒಟ್ಟಾವಾದಿಂದ ಸಸ್ಕಟೂನ್‌ಗೆ ರೈಲಿನಲ್ಲಿ ಕೊಂಡೊಯ್ದರು, ದಾರಿಯುದ್ದಕ್ಕೂ ಜನ ಹಳಿಯ ಪಕ್ಕ ನಿಂತಿದ್ದರು.