ಆಫೀಸ್ ಕೆಲಸದ ಜೊತೆಗೆ ಪರ್ಸನಲ್ ಟ್ರೈನಿಂಗ್: ರೇಟಿಗಿಂತ ಮೊದಲು ದೂರ ನೋಡಿ

ಬೆಂಗಳೂರಿನಲ್ಲಿ ಇದ್ದ ಕೆಲಸ ಬಿಡದೆ, ಪರ್ಸನಲ್ ಟ್ರೈನರ್ ಆಗಿ ನಾಲ್ಕು ಕಾಸು ಜಾಸ್ತಿ ದುಡಿಯಬೇಕು ಅಂತಿದ್ದೀರಾ? ಹಾಗಾದರೆ ನಿಮ್ಮ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಯಾವ ಯಾವ ಅಪಾರ್ಟ್‌ಮೆಂಟ್‌ಗಳಿವೆ ಅಂತ ಮೊದಲು ನೋಡಿ. ರೇಟ್ ಎಷ್ಟು ಹೇಳೋದು, ಇನ್‌ಸ್ಟಾಗ್ರಾಮ್ ಪೇಜಿಗೆ ಏನು ಹೆಸರಿಡೋದು, ಇವೆಲ್ಲ ಆಮೇಲೆ.

ಈ ಕೆಲಸಕ್ಕೆ ಸಿಗುವ ಹೊತ್ತೇ ಕಡಿಮೆ. ಬೆಳಗ್ಗೆ ಐದೂವರೆಯಿಂದ ಎಂಟು, ಸಂಜೆ ಆರೂವರೆಯಿಂದ ಒಂಬತ್ತು, ಅಷ್ಟೇ. ನೀವು ಜಯನಗರದಲ್ಲಿದ್ದೀರಿ, ವೈಟ್‌ಫೀಲ್ಡ್‌ನವರು ಸೆಷನ್‌ಗೆ 800 ರೂಪಾಯಿ ಕೊಡ್ತೀವಿ ಅಂತ ಕರೆದರು ಅಂದುಕೊಳ್ಳಿ. ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ, ನಡುವೆ ಒಂದು ಗಂಟೆ ಕೆಲಸ, ಪೆಟ್ರೋಲ್ ಬೇರೆ, ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡರೆ ದೇವರೇ ಗತಿ. ಪಕ್ಕದ ರಸ್ತೆಯ ಅಪಾರ್ಟ್‌ಮೆಂಟ್‌ನಲ್ಲಿ 500ರ ಇಬ್ಬರು ಸಿಕ್ಕರೆ ಎರಡೇ ಗಂಟೆಯಲ್ಲಿ ಸಾವಿರ, ಎಂಟೂವರೆಗೆ ಮನೆಯಲ್ಲಿ ತಿಂಡಿ. ಮೂರನೆಯವರೂ ಅಲ್ಲೇ ಸಿಗುತ್ತಾರೆ, ಯಾಕಂದ್ರೆ ಲಿಫ್ಟ್‌ನಲ್ಲಿ ಜನ ಮಾತಾಡಿಕೊಳ್ಳುತ್ತಾರೆ. ಆದರೆ ಅಲ್ಲಿನ ಜಿಮ್ ಬಳಸೋಕೆ ಅಸೋಸಿಯೇಷನ್ ಒಪ್ಪಿಗೆ ಬೇಕು. ಕೆಲವು ಕಡೆ ಹೊರಗಿನ ಟ್ರೈನರ್‌ಗಳನ್ನು ಬಿಡೋದೇ ಇಲ್ಲ, ಮೊದಲೇ ಕೇಳಿಕೊಳ್ಳಿ. ಪಾರ್ಕ್‌ನಲ್ಲಿ ಬ್ಯಾಚ್ ಮಾಡುವ ಯೋಚನೆ ಇದ್ದರೂ ಅಷ್ಟೇ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆಯವು, ದುಡ್ಡು ತಗೊಂಡು ಕ್ಲಾಸ್ ನಡೆಸೋ ಮುಂಚೆ ಅಲ್ಲಿ ವಿಚಾರಿಸಿ.

ನಾನು ಐದು ವರ್ಷದಿಂದ ಜಿಮ್ ಮಾಡ್ತಿದ್ದೀನಿ, ಸಾಕಲ್ವಾ ಅಂದರೆ, ಸಾಲದು. ನಿಮ್ಮ ಮೈಗೆ ಒಗ್ಗಿದ್ದು ಐವತ್ತೈದರ ಮಂಡಿನೋವಿನವರಿಗೆ ಒಗ್ಗಲ್ಲ. ಟ್ರೈನರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಅಮೆರಿಕದ ಏಸ್ (ACE), ನ್ಯಾಸಮ್ (NASM), ಇಲ್ಲವೇ ನಮ್ಮ ದೇಶದ ಕೆ11, ಯಾವುದಾದರೂ ಒಂದು ಕೋರ್ಸ್ ಸರಿಯಾಗಿ ಮುಗಿಸಿ. ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸೋ ಸಿಪಿಆರ್ ಅನ್ನು ಮಾತ್ರ ವಿಡಿಯೋ ನೋಡಿ ಕಲಿಯಬೇಡಿ, ಬೊಂಬೆಯ ಎದೆ ಒತ್ತಿಯೇ ಕಲಿಯಿರಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದಿದ್ದು ನೆನಪಿದೆ ಅಲ್ವಾ. ಜಿಮ್ ಅಂದರೆ ಆ ಭಯ ಇನ್ನೂ ಇದೆ. ಯಾರಾದರೂ ಕೇಳಿದರೆ ‘ಏನೂ ಆಗಲ್ಲ ಬಿಡಿ ಆಂಟಿ’ ಅಂತ ತೇಲಿಸಬೇಡಿ. ಪಾರ್-ಕ್ಯೂ ಅಂತ ಏಳು ಪ್ರಶ್ನೆಯ ಫಾರಂ ಇದೆ. ಹೃದಯದ ತೊಂದರೆ ಇದೆಯಾ, ಎದೆನೋವು ಬರುತ್ತಾ, ತಲೆಸುತ್ತು ಬಂದು ಬಿದ್ದಿದ್ದೀರಾ, ಮೂಳೆ ಕೀಲು ಹೇಗಿದೆ, ಬಿಪಿ ಮಾತ್ರೆ ತಗೋತೀರಾ, ಹೀಗೆ. ಒಂದಕ್ಕೆ ಹೌದು ಅಂದರೂ ಮೊದಲು ಡಾಕ್ಟರ್ ಚೀಟಿ, ಆಮೇಲೆ ಡಂಬೆಲ್. ಫಾರಂಗೆ ಸಹಿ ಹಾಕಿಸಿ ಫೋಟೋ ಇಟ್ಟುಕೊಳ್ಳಿ.

ಮೊದಲ ದಿನವೇ ಬೆವರಿಳಿಸಿ ಮೆಚ್ಚಿಸೋಕೆ ಹೋಗಬೇಡಿ. ಊಟದ ಮೇಜಿನ ಕುರ್ಚಿ ಎಳೆದು, ‘ಕೂತು ಎದ್ದೇಳಿ ಸರ್, ಕೈ ಊರಬೇಡಿ’ ಅನ್ನಿ. ಹತ್ತು ಸಲ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಹಿಮ್ಮಡಿ ಮೇಲೇಳುತ್ತಾ? ಮಂಡಿ ಒಳಗೆ ವಾಲುತ್ತಾ? ಏಳುವಾಗ ಉಸಿರು ಬಿಗಿ ಹಿಡೀತಾರಾ? ಮೊದಲ ತಿಂಗಳು ಏನು ಮಾಡಿಸಬೇಕು ಅನ್ನೋದು ಹೆಚ್ಚುಕಡಿಮೆ ಅಲ್ಲೇ ಗೊತ್ತಾಗುತ್ತೆ. ಶುರುವಿನ ವಾರಗಳಲ್ಲಿ ವ್ಯಾಯಾಮದ ನಡುವೆ ಒಂದು ಪೂರ್ತಿ ವಾಕ್ಯ ಆಡೋಕೆ ಆಗದಷ್ಟು ಏದುಸಿರು ಬಂದರೆ ಕಡಿಮೆ ಮಾಡಿ. ಸಾಮಾನಿಗೆ ಜಾಸ್ತಿ ಸುರಿಯಬೇಡಿ, ಒಂದು ಮ್ಯಾಟ್, ಮೂರು ರೆಸಿಸ್ಟೆನ್ಸ್ ಬ್ಯಾಂಡ್, ಒಂದು ಕೆಟಲ್‌ಬೆಲ್ ಸ್ಕೂಟರ್‌ನಲ್ಲೇ ಹೋಗುತ್ತವೆ.

ದುಡ್ಡಿನ ವಿಷಯದಲ್ಲಿ ಸಂಕೋಚ ಪಟ್ಟರೆ ಕೆಟ್ಟಿರಿ. ದಿನದ ಲೆಕ್ಕ ಬೇಡ, ತಿಂಗಳಿಗೆ 12 ಸೆಷನ್ ಅಂತ ಪ್ಯಾಕೇಜ್ ಮಾಡಿ, ಪೂರ್ತಿ ಅಡ್ವಾನ್ಸ್ ತಗೊಳ್ಳಿ. ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಿದರೆ ಬೇರೆ ದಿನ ಮಾಡೋಣ, ಬೆಳಗ್ಗೆ ಐದಕ್ಕೆ ‘ಇವತ್ತು ಬೇಡ’ ಅಂತ ಮೆಸೇಜ್ ಹಾಕಿದರೆ ಆ ಸೆಷನ್ ಹೋಯಿತು, ಇದನ್ನು ದುಡ್ಡು ತಗೊಳ್ಳುವಾಗಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಮುಖಕ್ಕೆ ಹೇಳೋಕೆ ಆಗದವರಿಗೆ ಇದೇ ವಾಸಿ. ಜಿಮ್ ಮೂಲಕ ಹೋದರೆ ಕ್ಲೈಂಟ್ ಅವರೇ ಕೊಡುತ್ತಾರೆ, ಪರ್ಸೆಂಟೇಜ್ ಹಿಡಿದುಕೊಳ್ಳುತ್ತಾರೆ. ಎಷ್ಟು, ಯಾವ ತಾರೀಕಿಗೆ ಕೈಗೆ ಬರುತ್ತೆ ಅನ್ನೋದು ಬರವಣಿಗೆಯಲ್ಲಿ ಇರಲಿ.

ಊಟದ ಬಗ್ಗೆ ಎಲ್ಲರೂ ಕೇಳೇ ಕೇಳುತ್ತಾರೆ. ಮುದ್ದೆ ಬಿಟ್ಟು ಓಟ್ಸ್ ತಿನ್ನಿ ಅಂತ ಸುಮ್ನೆ ಹೇಳಬೇಡಿ. ಮುದ್ದೆ ಜೊತೆ ಮೊಳಕೆಕಾಳಿನ ಸಾರು, ಮೊಟ್ಟೆ, ಮೊಸರು ಜಾಸ್ತಿ ಮಾಡಿಸಿದರೆ ಬೇಕಾದಷ್ಟಾಯಿತು. ಶುಗರ್, ಕಿಡ್ನಿ ತೊಂದರೆ ಇದ್ದವರನ್ನು ಡಯಟಿಷಿಯನ್ ಹತ್ತಿರ ಕಳಿಸಿ. ಕಮಿಷನ್ ಆಸೆಗೆ ಪ್ರೋಟೀನ್ ಡಬ್ಬ ಮಾರೋಕೆ ಇಳಿದರೆ, ನೀವು ಹೇಳೋದನ್ನು ಆಮೇಲೆ ಯಾರೂ ನಂಬಲ್ಲ.

ಇನ್ನು ಆಫೀಸು. ಹೊರಗಡೆ ದುಡಿಯಬಾರದು ಅಂತ ಆಫರ್ ಲೆಟರ್‌ನಲ್ಲಿ ಇದೆಯಾ, ಓದಿ ನೋಡಿ. ಟ್ರೈನಿಂಗ್ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇಟ್ಟರೆ ಲೆಕ್ಕ ಸಲೀಸು. ಇದು ಬಿಸಿನೆಸ್ ಆದಾಯ, ಸಂಬಳದವರು ಸಾಮಾನ್ಯವಾಗಿ ತುಂಬುವ ಆದಾಯ ತೆರಿಗೆ ಫಾರಂ ಐಟಿಆರ್-1 ಇದಕ್ಕೆ ನಡೆಯಲ್ಲ. ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ರಿಜಿಸ್ಟ್ರೇಷನ್ ತಲೆನೋವು ಇಲ್ಲ. ದಾಟುವ ಹಾಗಾದರೆ ಪಾರ್ಟ್‌ಟೈಮ್ ಯಾಕೆ, ಆಫೀಸನ್ನೇ ಬಿಡಬಹುದು.