ಹಿಂದಿನ ಬೆಂಚಿನಿಂದ ಮುಂದಿನ ಜಮಖಾನಕ್ಕೆ

ಕೋಲಾರದ ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರದ ಆರಾಧನೆಗೆ ಬರುವ ಚಿಕ್ಕ ಮಕ್ಕಳಿರುವ ಮನೆಯವರೆಲ್ಲ ಹಿಂದೆ, ಬಾಗಿಲ ಹತ್ತಿರವೇ ಕೂರುತ್ತಿದ್ದರು. ಮಗು ಅತ್ತರೆ ಎದ್ದುಹೋಗಲು ಸುಲಭ ಅಂತ. ಅಲ್ಲಿಂದ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಗಲಾಟೆ ಮಾಡದೆ ಇನ್ನೇನು ಮಾಡೀತು? ಎಡಗಡೆಯ ಮುಂದಿನ ಎರಡು ಬೆಂಚು ತೆಗೆದು, ದಪ್ಪ ಜಮಖಾನ ಹಾಸಿ, ಪಕ್ಕದ ಬಾಗಿಲಿಗೆ ದಾರಿ ಬಿಟ್ಟೆವು. ಅಮ್ಮಂದಿರಿಗೆ ಗೋಡೆ ಬದಿಯಲ್ಲಿ ನಾಲ್ಕು ಕುರ್ಚಿ.

ದೂರು ಬಂದಿದ್ದು ಸಭಾಪಾಲಕರ ಪ್ರಸಂಗ (ಬೋಧನೆ) ಕೇಳಿಸುವುದಿಲ್ಲ ಅಂತ. ತಪ್ಪು ಮಕ್ಕಳದಲ್ಲ, ಕಟ್ಟಡದ್ದು. ಕಲ್ಲಿನ ಗೋಡೆ, ಬರಿ ನೆಲ, ಎತ್ತರದ ಸೂರು; ಒಂದು ಸದ್ದು ಆರುವ ಮೊದಲೇ ಇನ್ನೊಂದು ಬಂದು ಕೂಡಿಕೊಳ್ಳುತ್ತದೆ. ವ್ಯಂಜನಗಳು ಸ್ಪಷ್ಟವಾಗುವ 2ರಿಂದ 4 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲೇ ಮಗುವಿನ ಅಳುವಿಗೂ ಬಲ ಜಾಸ್ತಿ. ವಾಲ್ಯೂಮ್ ಏರಿಸಿದೆವು, ಮಲಗಿದ್ದ ಕೂಸುಗಳೂ ಎದ್ದವು. ಕೊನೆಗೆ ಮೈಕನ್ನು ಬಾಯಿಂದ 30 ಸೆಂಟಿಮೀಟರ್‌ನಿಂದ 15ಕ್ಕೆ ತಂದೆವು. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬಲ್ ಹೆಚ್ಚಿ ಸಿಗುತ್ತದೆ, ವಾಲ್ಯೂಮ್ ಮುಟ್ಟಬೇಕಿಲ್ಲ. ಹಿಂದಿನ ಗೋಡೆಗೆ ದಪ್ಪ ಪರದೆಯನ್ನು ನೆರಿಗೆ ಬಿಟ್ಟು ತೂಗುಹಾಕಿದ್ದೂ ನೆರವಾಯಿತು. ಸಪಾಟಾಗಿ ಕಟ್ಟಿದ ಬಟ್ಟೆಯಿಂದ ಅಷ್ಟು ಪ್ರಯೋಜನವಿಲ್ಲ.

ಮಕ್ಕಳ ಕೈಗೆ ಬಟ್ಟೆಯ ಬೊಂಬೆ, ದಪ್ಪ ಕ್ರೇಯಾನ್. ಸ್ಟೀಲ್ ಬಾಟಲಿ ಬೇಡ. ಒಂದು ಬಿದ್ದರೆ ಹತ್ತು ಮಕ್ಕಳ ಅಳುವಿಗೆ ಸಮ. ಚಿಪ್ಸ್ ಪೊಟ್ಟಣವೂ ಬೇಡ. ನಿಜ ಹೇಳಬೇಕೆಂದರೆ, ಎಲ್ಲಕ್ಕಿಂತ ಜೋರಾದ ಸದ್ದು ದೊಡ್ಡವರ ‘ಶ್ಶ್’.

ಸುಮ್ಮನಿರಿಸುವುದಕ್ಕಿಂತ ಬಾಯಿಗೆ ಕೆಲಸ ಕೊಡುವುದು ಮೇಲು. ಬೈಬಲಿನ 136ನೇ ಕೀರ್ತನೆಯಲ್ಲಿ 26 ವಚನ, ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತ ಎಂಬ ಅದೇ ಸಾಲು. ಓದಲು ಬಾರದ ನಾಲ್ಕು ವರ್ಷದವರೂ ಮೂರನೇ ವಚನಕ್ಕೆ ಹಿಡಿದುಬಿಡುತ್ತಾರೆ. ಓದುವವರು ಸಾಲಿಗೆ ಮೊದಲು ಒಂದು ಉಸಿರಿನಷ್ಟು ನಿಲ್ಲಬೇಕು, ಇಲ್ಲದಿದ್ದರೆ ಮಕ್ಕಳು ಹಿಂದೆ ಬೀಳುತ್ತಾರೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಮಕ್ಕಳು ಎಡವುವುದು ‘ಎಣಿಸಲ್ಪಡಲಿ’ ಎಂಬಲ್ಲಿ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗಂತೂ ಇನ್ನೂ ಕಷ್ಟ. ಸಂಡೇ ಸ್ಕೂಲಿನಲ್ಲಿ ‘ಎಣಿಸಲ್–ಪಡಲಿ’ ಅಂತ ಚಪ್ಪಾಳೆ ತಟ್ಟಿ ಎರಡು ವಾರ ಹೇಳಿಸಿದರೆ ಸಾಕು.

ಹಾಡಿನ ಶ್ರುತಿ ಗಂಡಸರಿಗೆ ಹೊಂದುವಷ್ಟು ತಗ್ಗಿದರೆ ಮಕ್ಕಳು ಹಾಡುವುದಿಲ್ಲ, ಕಿರುಚುತ್ತಾರೆ ಇಲ್ಲವೇ ಸುಮ್ಮನಾಗುತ್ತಾರೆ. ಹಾರ್ಮೋನಿಯಂನ ನಡು ಸಪ್ತಕದ ಬಿಳಿ ಒಂದರಿಂದ (C ಸ್ವರ) ಮೇಲಿನ ಬಿಳಿ ಎರಡರವರೆಗೆ (D ಸ್ವರ) ರಾಗ ಸುಳಿದಾಡುವಂತೆ ಶ್ರುತಿ ಹಿಡಿಯುತ್ತೇವೆ.

ಕಾಣಿಕೆ ಚೀಲವನ್ನು ಮಕ್ಕಳು ಜೋಡಿಯಾಗಿ ಒಯ್ಯುತ್ತಾರೆ, ಜೊತೆಗೆ ಒಬ್ಬ ಹಿರಿಯರು.

ಇಷ್ಟಾದರೂ ಅಳು ನಿಲ್ಲದ ದಿನ ಇರುತ್ತದೆ. ಎರಡು ನಿಮಿಷ ಕಾದು ಹೊರಗೆ ಹೋಗಿ, ಸುಮ್ಮನಾದ ಮೇಲೆ ಮತ್ತೆ ಬನ್ನಿ ಎನ್ನುತ್ತೇವೆ. ಆ ‘ಮತ್ತೆ ಬನ್ನಿ’ಯನ್ನು ಸಭಾಪಾಲಕರೇ ಪ್ರಕಟಣೆಯಲ್ಲಿ ಹೇಳಬೇಕು, ಬೇರೆಯವರು ಹೇಳಿದರೆ ಅದು ಕುಟುಕಿದಂತೆ ಕೇಳಿಸುತ್ತದೆ. ಶಿಶುವಿನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಿನ ಅದನ್ನು ಬೆಳೆಸುವ ಮಾತು ಕೊಟ್ಟಿರುವುದು ಇಡೀ ಸಭೆ ತಾನೇ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಆರಾಧನೆ ಉದ್ದ. ಮಕ್ಕಳನ್ನೂ ಮುಂದಕ್ಕೆ ಕರೆತರಲು ಹೇಳುತ್ತೇವೆ. ರೊಟ್ಟಿ ತೆಗೆದುಕೊಳ್ಳದವರಿಗೆ ತಲೆ ಮೇಲೆ ಕೈಯಿಟ್ಟು ಆಶೀರ್ವಾದ. ಒಬ್ಬರಿಗೆ ಒಂದೇ ವಾಕ್ಯ. ಎರಡಾದರೆ ಸಾಲು ಬಾಗಿಲವರೆಗೆ ಬೆಳೆಯುತ್ತದೆ.